ಒಂದೇ ಹೊಟ್ಟೆಗೆ ಅಡುಗೆ ಮಾಡಿದ ಬಟ್ಲರಣ್ಣ

ಮೊನ್ನೆ ಮೊಮ್ಮಗುವಿಗೆ ಹೊಟ್ಟೆ ಕೆಟ್ಟಿತ್ತು. ಸೊಸೆ ಔಷಧಿ ಅಂಗಡಿಗೆ ಆಳು ಕಳಿಸುತ್ತೇನೆ ಎಂದಳು, ನಾನು ಬಿಡಲಿಲ್ಲ. ಸಾಣೆಕಲ್ಲು ತೊಳೆದು, ಎರಡು ಹನಿ ಹಾಲು ಬಿಟ್ಟು ಜಾಯಿಕಾಯಿ ತೇಯಲು ಕೂತೆ. ಆ ವಾಸನೆ ಮೂಗಿಗೆ ಬಡಿಯುತ್ತಲೇ ಬಟ್ಲರಣ್ಣ ಕಣ್ಣೆದುರು ಬಂದು ನಿಂತರು. ತೇಯುವುದನ್ನು ಮರೆತು ನಾನೊಬ್ಬಳೇ ನಗುತ್ತಾ ಕೂತಿದ್ದೆ. ಮುದುಕಿಗೆ ಏನೋ ಆಗಿದೆ ಎಂದುಕೊಂಡಿರಬೇಕು ಸೊಸೆ.

ಬ್ರಿಟಿಷರ ಕಾಲ. ನನ್ನ ಗಂಡ ಪಾಲಿಬೆಟ್ಟದ ಕಡೆ ಒಂದು ಕಾಫಿ ಎಸ್ಟೇಟಿನ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು. ನಮಗೆ ಕೊಟ್ಟಿದ್ದ ಮನೆಯ ಪಕ್ಕದಲ್ಲೇ ಬಟ್ಲರಣ್ಣನ ಮನೆ, ನಡುವೆ ಒಂದು ಬೇಲಿ. ದೊರೆಯ ಬಂಗಲೆಯ ಅಡುಗೆಯೆಲ್ಲ ಅವರದೇ. ಪಾತ್ರೆ ತೊಳೆಯುವ ಆಳಾಗಿ ಸೇರಿ, ಆ ದೊರೆಯ ಕೈಕೆಳಗೇ ಕೆಲಸ ಕಲಿತು, ಅಲ್ಲೇ ತಲೆ ನರೆಸಿಕೊಂಡವರು. ಮಾತೆತ್ತಿದರೆ 'ನಮ್ಮ ದೊರೆ'. ನಮ್ಮ ದೊರೆ ಹೀಗೆ ಕೂರ್ತಾರೆ, ಹೀಗೆ ಚಮಚ ಹಿಡಿತಾರೆ... ಬೇಲಿಯ ಈಚೆ ನಿಂತು ಕೇಳಿ ಕೇಳಿ ನನಗೆ ಆ ದೊರೆಯ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂದಿತ್ತು. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವಳು, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ದೊರೆ ಎಸ್ಟೇಟು ಮಾರಿ ತಮ್ಮ ದೇಶದ ಹಡಗು ಹತ್ತಿದರು. ಕೊಂಡವರು ತಮ್ಮ ಅಡುಗೆಯವನನ್ನು ತಾವೇ ಕರೆದುಕೊಂಡು ಬರುವವರು. ಮಳೆಗಾಲ ಹಿಡಿಯುವುದರೊಳಗೆ ಮನೆ ಬಿಡಿ ಎಂದು ಬಟ್ಲರಣ್ಣನಿಗೆ ಹೇಳಿಯಾಯಿತು. ಅಷ್ಟರೊಳಗೆ ಬೇರೆ ಬಂಗಲೆ ಸಿಗದಿದ್ದರೆ ಗಂಡ ಹೆಂಡತಿ ಇಬ್ಬರೂ ಕುಶಾಲನಗರಕ್ಕೆ, ಅಕ್ಕನ ತಮ್ಮನ ಮನೆಗೆ ಹೋಗಿ, ಅವನ ಅಂಗಡಿಯಲ್ಲಿ ಬೇಳೆ ತೂಗಬೇಕಾಗಿತ್ತು. ಬಾಮೈದನ ಅಂಗಡಿ ಎಂದರೇ ಬಟ್ಲರಣ್ಣನ ಮುಖ ಹುಳ್ಳಗಾಗುತ್ತಿತ್ತು. ಆದರೂ ಮೊದಮೊದಲು ಅವರು ಜಗಲಿ ಬಿಟ್ಟು ಅಲ್ಲಾಡಲಿಲ್ಲ. ನನ್ನ ಕೆಲಸ ಯಾರಿಗೆ ಗೊತ್ತಿಲ್ಲ, ಅವರಾಗೇ ಹೇಳಿ ಕಳಿಸುತ್ತಾರೆ ಎಂದು ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಒಂದು ನರಪಿಳ್ಳೆ ಬರಲಿಲ್ಲ. ಅಕ್ಕನೇ ಬೈದು ಎಬ್ಬಿಸಿದಳು.

ಒಂದು ಹೊತ್ತಿನ ಅಡುಗೆ ಮಾಡಿಸಿ, ತಿಂದು ನೋಡಿ ಕೆಲಸ ಕೊಡುವುದು ಆಗಿನ ಬಂಗಲೆಗಳ ರೂಢಿ. ಬಟ್ಲರಣ್ಣ ದೊರೆ ಬಿಟ್ಟುಹೋದ ಕೋಟು ಹಾಕಿಕೊಂಡು ಹೋದರು. ಎಸ್ಟೇಟಿನ ಆಳುಗಳು ದೂರದಿಂದ ನೋಡಿ ದೊರೆಯೇ ವಾಪಸು ಬಂದರೆಂದು ಸಲಾಮು ಹೊಡೆದರಂತೆ. ಮೊದಲ ಬಂಗಲೆಯವರು ಉಂಡು, ಬಾಯಿ ಒರೆಸಿಕೊಂಡು, ಹೇಳಿ ಕಳಿಸುತ್ತೇವೆ ಎಂದರು. ಎರಡನೆಯ ಕಡೆ ದೊರೆಸಾನಿ ಮೀನು ಹುರಿಯಲು ಹೇಳಿದ್ದಕ್ಕೆ, ನಮ್ಮ ದೊರೆ ಬೇಯಿಸಿದ ಮೀನು ಮಾತ್ರ ಮುಟ್ಟುತ್ತಿದ್ದರು ಎಂದು ಇವರು ಅವಳಿಗೇ ಬುದ್ಧಿ ಹೇಳಿ ಬೇಯಿಸಿಯೇ ಬಡಿಸಿದರು! ಅಲ್ಲಿಯೂ ಹೇಳಿ ಕಳಿಸುತ್ತೇವೆ ಎಂಬ ಮಾತೇ. ನಡುವೆ ದೊರೆಗಳ ಕ್ಲಬ್ಬಿನಲ್ಲಿ ಎರಡನೇ ಅಡುಗೆಯವನ ಜಾಗ ಇದೆ ಎಂದು ನನ್ನ ಗಂಡ ಸುದ್ದಿ ತಂದರೆ, ಇನ್ನೊಬ್ಬನ ಕೈಕೆಳಗೆ ನಾನಾ ಎಂದು ಅವರ ಮೇಲೇ ಹಾರಾಡಿದರು. ಹಾಗೇ ದಿನ ಹೋಯಿತು. ಕಾಫಿ ಹೂವಿನ ಮಳೆ ಬಂತು, ಹೂವು ಬಿಟ್ಟಿತು, ಉದುರಿತು. ಅಕ್ಕ ಬೇಡದ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು.

ಆಗಲೇ ಒಂದು ದಿನ ಬಟ್ಲರಣ್ಣ, ತಮ್ಮ ಅಡುಗೆಯಲ್ಲಿ ಯಾರಾದರೂ ತಪ್ಪು ತೋರಿಸಲಿ ನೋಡೋಣ ಎಂಬ ಹಟಕ್ಕೆ ಬಿದ್ದು, ಬಂಗಲೆಯಲ್ಲಿ ಮಾಡುತ್ತಿದ್ದ ಬೆಳ್ಳಗಿನ ಕುರಿ ಸಾರನ್ನು ಮನೆಯಲ್ಲೇ ಮಾಡಿ, ಒಂದು ಬಟ್ಟಲು ನನಗೂ ತಂದುಕೊಟ್ಟರು. ಅವರ ಅಡುಗೆ ನಾನು ಬಾಯಿಗೆ ಇಟ್ಟದ್ದು ಅದೇ ಮೊದಲು. ನನ್ನ ದೊಡ್ಡ ಮಗ ಆಗ ಕೈಕೂಸು, ಅವನಿಗೂ ಹೊಟ್ಟೆ ಸರಿಯಿಲ್ಲದೆ ಬೆಳಿಗ್ಗೆಯೇ ಜಾಯಿಕಾಯಿ ತೇಯ್ದಿದ್ದೆ. ಬಟ್ಟಲಲ್ಲೂ ಅದೇ ವಾಸನೆ. ಉಪ್ಪು ಇದೆಯೋ ಇಲ್ಲವೋ ಎಂಬಷ್ಟು, ಖಾರ ಸುಳಿಯದು, ಮಾಂಸ ಬೆಂದು ಬೆಂದು ಗಂಜಿಯಾಗಿದೆ. ಬಟ್ಲರಣ್ಣ ಬೇಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಸುಮ್ಮನಿರುವ ಬಾಯಿ ನನಗೆ ದೇವರು ಕೊಟ್ಟಿಲ್ಲ.

"ಅಣ್ಣಾ, ನಿಮ್ಮ ದೊರೆಗೆ ಹೊಟ್ಟೆ ಸರಿ ಇರ್ಲಿಲ್ವಾ?" ಎಂದೆ. "ಇದು ಕಾಯಿಲೆಯೋರಿಗೆ ಮಾಡೋ ಊಟ ಇದ್ದಂಗೈತೆ."

ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು ಹೋದರು. ಆಮೇಲೆ ಎಷ್ಟೋ ದಿನ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆದರೆ ಅಕ್ಕ ನನ್ನ ಅಡುಗೆಮನೆಗೆ ಬಂದು, ನೀನು ಹೇಳಿದ್ದು ನಿಜ ಕಣೆ ಎಂದು ಎಲ್ಲ ಬಿಚ್ಚಿ ಹೇಳಿದಳು. ಬಟ್ಲರಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲೇ ದೊರೆಗೆ ಆಮಶಂಕೆ ಹತ್ತಿ ಸಾಯುವ ಹಾಗಾಗಿತ್ತಂತೆ. ಡಾಕ್ಟರು ಉಪ್ಪು, ಖಾರ, ಕರಿದದ್ದು ಎಲ್ಲ ಬಿಡಿಸಿದ್ದರಂತೆ. ಆ ಪಥ್ಯವನ್ನು ದೊರೆ ಕೊನೆಯವರೆಗೂ ಬಿಡಲೇ ಇಲ್ಲ. ಬಟ್ಲರಣ್ಣ ಕಲಿತದ್ದು ಆ ಪಥ್ಯದ ಅಡುಗೆಯನ್ನೇ. ಬಿಳಿಯರೆಲ್ಲ ಉಣ್ಣುವುದೇ ಹಾಗೆ ಎಂದುಕೊಂಡಿದ್ದರು ಪಾಪ! ತಾವು ಮಾತ್ರ ಮೂರು ಹೊತ್ತೂ ಮನೆಗೆ ಬಂದು ಅಕ್ಕನ ಖಾರದ ಸಾರು ಸುರಿದುಕೊಂಡು ಉಣ್ಣುತ್ತಿದ್ದರು.

ತಿತಿಮತಿಯ ಕಡೆ ಕಾಡಿನ ಇಲಾಖೆಗೆ ಹೊಸದಾಗಿ ಬಂದ, ಮದುವೆಯಾಗದ ಸಣ್ಣ ವಯಸ್ಸಿನ ದೊರೆಗೆ ಅಡುಗೆಯವರು ಬೇಕು ಎಂದು ಮರ ಸಾಗಿಸುವ ಗಾಡಿಯವರು ಹೇಳಿದಾಗ ಮಳೆಗಾಲ ಬಾಗಿಲಿಗೆ ಬಂದಿತ್ತು. ಇದು ತಪ್ಪಿದರೆ ಕುಶಾಲನಗರವೇ ಗತಿ. ಬಟ್ಲರಣ್ಣ ಹೊರಟರು. ಕೋಟು ಗೂಟದಲ್ಲೇ ನೇತಾಡುತ್ತಿತ್ತು. ರಾತ್ರಿ ಊಟಕ್ಕೆ ಬಡಿಸಿ ಮಾರನೇ ದಿನ ಬರಬೇಕಾದವರು ಅದೇ ಸಂಜೆ ವಾಪಸು ಬಂದುಬಿಟ್ಟರು. ಈ ಕೆಲಸವೂ ಹೋಯಿತು ಎಂದುಕೊಂಡೆ. ಅಕ್ಕ ಒಲೆಯ ಮುಂದೆ ಇದ್ದಳು, ನಾನೂ ಅಲ್ಲೇ ಇದ್ದೆ. ಅವರು ಬಾಗಿಲಲ್ಲೇ ನಿಂತರು.

"ಏನು ಇಷ್ಟ ಅಂತ ಕೇಳ್ದೆ ಕಣೆ ಆ ದೊರೆನ," ಎಂದರು. "ಗಾರ್ಡುಗಳ ಜೊತೆ ಕಾಡಲ್ಲಿ ಉಂಡು ರುಚಿ ಹತ್ತೈತಂತೆ. ಮೆಣಸು ಹಾಕಿದ ಖಾರದ ಕೋಳಿ ಸಾರು ಬೇಕಂತೆ. ನಂಗೆ ಅದು ಬರಾಕಿಲ್ಲ, ಕಲ್ತು ಬತ್ತೀನಿ ಅಂತ ಹೇಳಿ ಬಂದೆ. ನೀನು ಕಲಿಸು."

ಅಬ್ಬಾ, ಆಮೇಲಿನ ಅಕ್ಕನ ದರ್ಬಾರು ನೋಡಬೇಕಿತ್ತು! ದೊರೆಯ ಬಟ್ಲರನನ್ನು ಒರಳಿನ ಮುಂದೆ ಕೂರಿಸಿ ಮಸಾಲೆ ಅರೆಸಿದಳು. ಮೆಣಸು ಹುರಿಯುವುದು, ಎಷ್ಟು ಹುರಿದರೆ ಕಪ್ಪು, ಎಷ್ಟಕ್ಕೆ ಕಹಿ, ಎಲ್ಲ ಹೇಳಿಕೊಟ್ಟಳು. ಘಾಟಿಗೆ ಕೆಮ್ಮಿ ಕೆಮ್ಮಿ ಬಟ್ಲರಣ್ಣನ ಕಣ್ಣು ಕೆಂಡ. ಮೊದಲ ಸಾರು ಇಳಿಸಿ, ಹೆಂಡತಿಯ ಕೈಗೆ ಸೌಟು ಕೊಟ್ಟು, ಪರೀಕ್ಷೆಗೆ ನಿಂತವರ ಹಾಗೆ ನಿಂತರು. ಅಕ್ಕ ನೆಕ್ಕಿ ನೋಡಿ, ದೊರೆಸಾನಿಯ ಹಾಗೆ ಬಾಯಿ ಒರೆಸಿಕೊಂಡು, "ಹೇಳಿ ಕಳಿಸ್ತೀವಿ" ಎಂದಳು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ಬಟ್ಲರಣ್ಣನೂ ನಕ್ಕರು. ನನ್ನ ಮೇಲಿನ ಸಿಟ್ಟು ಇಳಿದದ್ದು ಅವತ್ತೇ.

ಕೆಲಸ ಸಿಕ್ಕಿತು. ಮೊದಲ ಮಳೆಗೆ ಮುಂಚೆ ಸಾಮಾನೆಲ್ಲ ಗಾಡಿಗೆ ಹಾಕಿ ತಿತಿಮತಿಗೆ ಹೊರಟರು. ಸಂತೋಷಪಡಬೇಕಾದವಳು ನಾನು ಬೇಲಿ ಹಿಡಿದು ಅತ್ತೆ. ಆ ಮಳೆಗಾಲ ಪಕ್ಕದ ಮನೆಯ ಒಲೆಯಿಂದ ಹೊಗೆ ಏಳದೆ ನನಗೆ ಬಹಳ ಬೇಸರವಾಯಿತು.

ಕೆಲವು ವರ್ಷ ಕಳೆದು, ಒಂದು ಮಳೆಗಾಲದ ನಡುವೆ ಬಟ್ಲರಣ್ಣ ನಮ್ಮನ್ನು ನೋಡಲು ಬಂದರು. ಮೈ ತುಂಬಿಕೊಂಡಿತ್ತು. ಇವತ್ತು ಅಡುಗೆ ನನ್ನದು, ನಿನಗೆ ಏನು ಇಷ್ಟ ಹೇಳು ತಂಗಿ ಎಂದರು. ಗಂಡನಿಗೆ ಏನು ಇಷ್ಟ ಗೊತ್ತು, ಮಕ್ಕಳಿಗೆ ಗೊತ್ತು, ತೀರಿಹೋದ ಅತ್ತೆಗೆ ಏನಾಗದು ಎಂಬುದೂ ಗೊತ್ತು. ನನಗೆ ಏನು ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಏನಾದರೂ ಮಾಡಿ ಅಣ್ಣಾ ಎಂದೆ.

"ಏನಾದ್ರೂ ಅನ್ನೋ ಅಡುಗೆ ನಾನು ಬಿಟ್ಟುಬಿಟ್ಟೆ ತಂಗಿ," ಎಂದು ಹೊಸ್ತಿಲ ಮೇಲೆ ಕೂತುಬಿಟ್ಟರು.

ನಾನು ಬಾಯಿ ಬಿಡುವವರೆಗೂ ಅವರು ಏಳಲೇ ಇಲ್ಲ. ಕೊನೆಗೆ ಕಳಲೆ ಪಲ್ಯ ಎಂದೆ, ಖಾರ ಮುಂದಾಗಿ. ಎಳೆ ಬಿದಿರಿನ ಮೊಳಕೆ ಎಲ್ಲಿಂದಲೋ ಹುಡುಕಿ ತಂದು, ಹೆಚ್ಚಿ, ಮತ್ತೆ ಮತ್ತೆ ಕುದಿಸಿ ನೀರು ಚೆಲ್ಲಿ ಮಾಡಿದರು. ಎಲೆ ಹಾಕಿ ಮೊದಲು ನನ್ನನ್ನೇ ಕೂರಿಸಿದರು. ಗಂಡ ನಗುತ್ತಾ ಕಾದರು. ಅವರಿಗಿಂತ ಮೊದಲು ನಾನು ಉಣ್ಣಲು ಕೂತದ್ದು ಅದೊಂದೇ ದಿನ.

ಬಟ್ಲರಣ್ಣ ತಿತಿಮತಿಯಲ್ಲೇ ತೀರಿಕೊಂಡರಂತೆ, ನಮಗೆ ತಿಳಿಯುವಾಗ ತಿಂಗಳು ಕಳೆದಿತ್ತು. ಅಕ್ಕ ತಮ್ಮನ ಮನೆ ಸೇರಿದಳು. ಆಮೇಲೆ ಅವಳ ಸುದ್ದಿಯೂ... ನನ್ನ ಗಂಡನೂ ಹೋಗಿ ಬಹಳ ಕಾಲವಾಯಿತು.

ಈಗ ಮಗನ ಮನೆಯಲ್ಲಿ ಸುಖವಾಗಿದ್ದೇನೆ, ಯಾವುದಕ್ಕೂ ಕೊರತೆಯಿಲ್ಲ. ವಯಸ್ಸಾಯಿತಲ್ಲ ಎಂದು ಸೊಸೆ ನನಗೆ ಬೇರೆಯಾಗಿ ಮೆತ್ತಗಿನ ಅನ್ನ, ಖಾರವಿಲ್ಲದ ಸಾರು ಮಾಡಿ, ಆರಿಸಿ ತಂದಿಡುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾಳೆ, ನಾನೂ ಬಾಯಿ ಮುಚ್ಚಿಕೊಂಡು ಉಣ್ಣುತ್ತೇನೆ. ನನ್ನ ಹೊಟ್ಟೆ ಗಟ್ಟಿಯಾಗಿದೆ ಎಂದು ಅವಳಿಗೆ ಯಾರು ಹೇಳಬೇಕು? ಬಟ್ಲರಣ್ಣ ಇದ್ದಿದ್ದರೆ, ನಿನಗೆ ಏನು ಇಷ್ಟ ತಂಗಿ ಎಂದು ಕೇಳುತ್ತಿದ್ದರು.