ಮುಚ್ಚಳದ ಸ್ವಿಚ್ಚಿಗೆ ಕಟ್ಟಿದ ತಂತಿ

ರಂಗಪ್ಪನವರ ಎರಡು ಬೆರಳು ಹೋದದ್ದು ಅವರ ಅಜಾಗರೂಕತೆಯಿಂದಲ್ಲ, ನನ್ನಿಂದ. ಅದು ಗೊತ್ತಿದ್ದೂ ನಾನು ಅವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದೆ. ಬೆರಳು ಹೋದದ್ದಕ್ಕಿಂತ ಇದೇ ದೊಡ್ಡ ಅನ್ಯಾಯ ಎಂದು ಈಗ ಅನ್ನಿಸುತ್ತದೆ – ಈಗ, ಇಷ್ಟು ತಡವಾಗಿ.

ಐವತ್ತರ ದಶಕದ ಕೊನೆಯ ವರ್ಷಗಳವು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿನ ಒಂದು ಕಾರ್ಖಾನೆಯ ದಾಸ್ತಾನು ವಿಭಾಗದಲ್ಲಿ ಕಾರ್ಡ್ ಯಂತ್ರಗಳಿದ್ದವು. ಯಾವ ಬಿಡಿಭಾಗ ಎಲ್ಲಿದೆ, ಎಷ್ಟಿದೆ ಎಂಬುದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಇಡುತ್ತಿದ್ದೆವು. ಯಂತ್ರ ಆ ತೂತುಗಳನ್ನು ಓದಿ ಕಾರ್ಡುಗಳನ್ನು ವಿಂಗಡಿಸುತ್ತಿತ್ತು. ಈಗಿನ ಕಂಪ್ಯೂಟರಿನ ಅಜ್ಜ ಅನ್ನಿ. ಅವುಗಳ ರಿಪೇರಿ ನನ್ನ ಕೆಲಸ. ನನಗೆ ಇಪ್ಪತ್ತಮೂರು ವರ್ಷ, ಕೈಗುಣ ಚೆನ್ನಾಗಿದೆ ಎಂಬ ಜಂಬ.

ವಿಂಗಡಿಸುವ ಯಂತ್ರ ನಡೆಸುತ್ತಿದ್ದವರು ರಂಗಪ್ಪ. ನನಗಿಂತ ಹತ್ತು ವರ್ಷ ದೊಡ್ಡವರು, ಹೊಸಹಳ್ಳಿಯ ಒಕ್ಕಲು ಮನೆತನದವರು. ಇವತ್ತು ವಿಜಯನಗರದ ಅಂಗಡಿಸಾಲುಗಳಿರುವ ಕಡೆ ಅವರ ಹೊಲವಿತ್ತು. ಕಾರ್ಡಿನ ಕಟ್ಟನ್ನು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಬಿಡಿಸಿದರೆ ಸಾಕು, ಯಾವ ಕಟ್ಟಿಗೆ ತೇವ ಹಿಡಿದಿದೆ ಎಂದು ಶಬ್ದದಿಂದಲೇ ಹೇಳಿಬಿಡುತ್ತಿದ್ದರು. ಅವರೆಕಾಯಿ ಕಾಲ ಬಂತೆಂದರೆ ಅವರ ಹೆಂಡತಿ ನಂಜಮ್ಮ ಕಟ್ಟಿಕೊಟ್ಟ ಬುತ್ತಿಯ ಘಮ ನಮ್ಮ ವಿಭಾಗವನ್ನೆಲ್ಲ ತುಂಬುತ್ತಿತ್ತು. ಹಿತ್ತಲ ಹೊಂಗೆ ಮರದ ಕೆಳಗೆ ಕೂತು, ಮುದ್ದೆಯ ಅರ್ಧ ಮುರಿದು ನನ್ನ ಕಡೆ ತಳ್ಳುವರು.

"ತಿನ್ನು ಕಣೋ ಮೂರ್ತಿ. ಹೋಟ್ಲಲ್ಲಿ ತಿಂದೂ ತಿಂದೂ ಒಣಗೋಗಿದೀಯ."

ಆ ಸಾರಿನ ರುಚಿ ಮತ್ತೆ ಎಲ್ಲೂ ಸಿಗಲಿಲ್ಲ.

ಯಂತ್ರದ ಉರುಳೆಗಳ ಮೇಲೆ ಒಂದು ಮುಚ್ಚಳ. ಮುಚ್ಚಳ ಎತ್ತಿದ ಕೂಡಲೇ ಮೋಟಾರು ನಿಲ್ಲುವಂತೆ ಅದರಡಿ ಪುಟ್ಟ ಸ್ವಿಚ್ಚಿತ್ತು. ಒಂದು ಮಧ್ಯಾಹ್ನ ಕಾರ್ಡುಗಳು ಪದೇ ಪದೇ ಸಿಕ್ಕಿಕೊಳ್ಳುತ್ತಿವೆ ಎಂದು ನನ್ನನ್ನು ಕರೆದರು. ಉರುಳೆ ತಿರುಗುವುದನ್ನು ಕಣ್ಣಾರೆ ನೋಡದೆ ದೋಷ ತಿಳಿಯುವಂತಿರಲಿಲ್ಲ. ಸ್ವಿಚ್ಚಿನ ಎರಡು ತುದಿಗಳಿಗೆ ಗೇಣುದ್ದದ ತಂತಿ ಕಟ್ಟಿದೆ. ಮುಚ್ಚಳ ತೆರೆದರೂ ಮೋಟಾರು ಓಡಿತು. ಹಾಗೆ ಮಾಡಬಾರದೆಂದು ನನಗೆ ಕಲಿಸಿದ್ದರು. ದೋಷ ಸಿಕ್ಕಿತು, ಸರಿಮಾಡಿದೆ. ಸಿನಿಮಾದ ಸಂಜೆಯ ಆಟಕ್ಕೆ ಗೆಳೆಯ ಟಿಕೆಟ್ಟು ತಂದಿದ್ದ. ಮುಚ್ಚಳ ಹಾಕಿ ಓಡಿದೆ – ತಂತಿ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಪಕ್ಕದ ಕೋಣೆಯಿಂದ ರಂಗಪ್ಪನವರ ಕೂಗು. ಹೋಗಿ ಮೇನ್ ಸ್ವಿಚ್ ಆರಿಸಿದೆ, ಉರುಳೆಯನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ ಅವರ ಬಲಗೈ ಬಿಡಿಸಿದೆ. ಸಿಕ್ಕಿಕೊಂಡ ಕಾರ್ಡು ತೆಗೆಯಲು ದಿನವೂ ಮಾಡುವಂತೆ ಮುಚ್ಚಳ ಎತ್ತಿ, ಅದೇ ಓಘದಲ್ಲಿ ಕೈಹಾಕಿದ್ದರು. ಮೋಟಾರು ನಿಂತೇ ನಿಲ್ಲುತ್ತದೆಂಬ ನಂಬಿಕೆ. ಎಲ್ಲರೂ ಸೇರಿ ಅವರನ್ನು ಜಟಕಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ತಂತಿ ಬಿಚ್ಚಿದೆ, ಜೇಬಿಗೆ ಹಾಕಿಕೊಂಡೆ.

ಹದಿನೈದು ದಿನದ ಮೇಲೆ ವಿಚಾರಣೆ. ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡೇ ರಂಗಪ್ಪ ಬಂದರು.

"ಮುಚ್ಚಳ ಎತ್ತಿದೆ ಸ್ವಾಮಿ. ಮಿಷನ್ನು ನಿಲ್ಲಲಿಲ್ಲ" ಎಂದರು.

ಅಧಿಕಾರಿ ನನ್ನ ಕಡೆ ತಿರುಗಿದರು. "ಎಲ್ಲಿ, ಪರೀಕ್ಷೆ ಮಾಡಿ ತೋರ್ಸಿ."

ಯಂತ್ರ ನಡೆಸಿ ಮುಚ್ಚಳ ಎತ್ತಿದೆ. ಉರುಳೆಗಳು ತಟ್ಟನೆ ನಿಂತವು.

"ಸ್ವಿಚ್ಚು ಸರಿಯಾಗೇ ಇದೆ, ಸಾರ್" ಅಂದೆ.

ನಾನು ಆಡಿದ್ದು ಅಷ್ಟೇ. ಮಾತು ಮಾತಾಗಿ ಸುಳ್ಳಲ್ಲ – ಅದನ್ನೇ ಹಿಡಿದುಕೊಂಡು ಎಷ್ಟೋ ವರ್ಷ ನಿದ್ದೆ ಮಾಡಿದೆ. ಮುಚ್ಚಳ ಪೂರ್ತಿ ಎತ್ತದೆ ಸಂದಿಯಲ್ಲಿ ಕೈತೂರಿಸಿದ್ದಾರೆ ಎಂದು ಅಧಿಕಾರಿ ಬರೆದರು. ರಂಗಪ್ಪ ನಿಂತ ಉರುಳೆಗಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಹಂಗಾರೆ ನಂಗೇ ತಿಳೀಲಿಲ್ವೇನೋ" ಎಂದರು.

ಅವರನ್ನು ಉಗ್ರಾಣಕ್ಕೆ ಹಾಕಿದರು, ಪೆಟ್ಟಿಗೆಗಳಿಗೆ ಕಾವಲು. ನನ್ನನ್ನು ಹೊಸಬರಿಗೆ ಸುರಕ್ಷತೆಯ ಪಾಠ ಹೇಳಲು ನೇಮಿಸಿದರು. ಮೇನ್ ಆರಿಸಿ, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಲ್ಲಿಡಿ, ಉಂಗುರ ಗಡಿಯಾರ ಬಿಚ್ಚಿ, ಉರುಳೆ ನಿಂತದ್ದನ್ನು ಕಣ್ಣಲ್ಲಿ ನೋಡದೆ ಕೈಹಾಕಬೇಡಿ ಎಂದು ಹೇಳುತ್ತಿದ್ದೆ. ಕೊನೆಗೆ ಒಂದು ಉದಾಹರಣೆ – ನಮ್ಮಲ್ಲೇ ರಂಗಪ್ಪ ಅಂತ ಒಬ್ಬರು, ಆತುರ ಮಾಡಿ ಬೆರಳು ಕಳೆದುಕೊಂಡರು. ಹೇಳುತ್ತ ಹೇಳುತ್ತ ನನಗೇ ಅದು ನಿಜದಂತೆ ಕೇಳತೊಡಗಿತ್ತು. ಸ್ವಿಚ್ಚಿಗೆ ತಂತಿ ಕಟ್ಟಬೇಡಿ ಎಂದು ಮಾತ್ರ ಯಾರಿಗೂ, ಒಮ್ಮೆಯೂ, ಹೇಳಲಿಲ್ಲ.

ಅವರು ನಿವೃತ್ತರಾದ ಮೇಲೆ ವಿಜಯನಗರದ ಮಾರುಕಟ್ಟೆಯಲ್ಲಿ ಸಿಕ್ಕಿದರು. ಕೈಚೀಲವನ್ನು ಎಡಗೈಯಲ್ಲಿ ಹಿಡಿದಿದ್ದರು. ಕ್ಷೇಮಸಮಾಚಾರ ಮುಗಿದ ಮೇಲೆ, "ಮೂರ್ತಿ, ನೀನೇ ಮೊದ್ಲು ಓಡಿಬಂದೋನು. ಅವತ್ತು ಮುಚ್ಚಳ ಪೂರಾ ತೆಗ್ದಿತ್ತಾ?" ಎಂದು ಕೇಳಿದರು. ಇಷ್ಟು ವರ್ಷ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದರು – ತಮ್ಮ ಕಣ್ಣನ್ನೇ ನಂಬಲಾರದೆ.

"ನೆನಪಿಲ್ಲ ರಂಗಣ್ಣ" ಅಂದೆ. ಇದಂತೂ ಶುದ್ಧ ಸುಳ್ಳು. ಮತ್ತೆ ಅವರನ್ನು ನೋಡಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದದ್ದು ವರ್ಷ ಕಳೆದ ಮೇಲೆ. ಆಗಲೂ ಧೈರ್ಯ ಬರಲಿಲ್ಲ. ಹೋದ ವಾರ ಅವರ ಮಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ, ಅಳಲಿಲ್ಲ. "ನಮ್ಮಮ್ಮ ಇದಾರೆ, ಒಳಗಡೆ ಮಲಗಿದಾರೆ. ಅಪ್ಪನ ಮಾತು ನಿಜ ಅಂತ ಅವರೊಬ್ಬರೇ ಅಂತಿದ್ದಿದ್ದು. ನಾವೂ ನಂಬಿರಲಿಲ್ಲ" ಎಂದಳು. "ಬರೆದು ಕೊಡಿ. ಓದಿ ಹೇಳ್ತೀನಿ."

ಅದಕ್ಕೇ ಇದನ್ನು ಬರೆದೆ. ಆದರೆ ಮಗಳ ಬಾಯಿಂದ ಓದಿಸುವುದು ಮತ್ತೊಂದು ಹೇಡಿತನ. ನಾಳೆ ಬೆಳಿಗ್ಗೆ ನಾನೇ ಹೋಗಿ, ನಂಜಮ್ಮನವರ ಎದುರು ಕೂತು, ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಅವರು ಏನು ಕೇಳಿದರೂ ನೆನಪಿಲ್ಲ ಎನ್ನುವುದಿಲ್ಲ.