ನಾರಿನ ನಡುವೆ ಬಿದ್ದ ಕಲೆ

ನಾರಕ್ಕನ ಅಂಗೈ ಕಪ್ಪು. ಸುಮ್ಮನೆ ಕಪ್ಪಲ್ಲ, ಎಂಟು ವರ್ಷ ಬಾಳೆಯ ಸೊನೆ ಕುಡಿದ ಕಪ್ಪು. ಯಾವ ಸೋಪಿಗೂ ಜಗ್ಗುವುದಿಲ್ಲ. ಗೊನೆ ಕಡಿದ ಮೇಲೆ ತೋಟದವರು ಬಿಸಾಡುವ ದಿಂಡನ್ನು ಮನೆಗೆ ತಂದು, ಪಟ್ಟೆ ಪಟ್ಟೆಯಾಗಿ ಬಿಡಿಸಿ, ಮೆಷಿನ್ನಿಗೆ ಕೊಟ್ಟು ನಾರು ತೆಗೆಯುವುದು ಅವಳ ಕೆಲಸ. ಪಟ್ಟೆಯ ನಡುವನ್ನು ಗಟ್ಟಿಯಾಗಿ ಹಿಡಿದು ಅರ್ಧ ಒಳಗೆ ಬಿಡುತ್ತಾಳೆ. ಅಲಗುಗಳು ತಿರುಳನ್ನೆಲ್ಲ ಕೆರೆದು ಹಾಕುತ್ತವೆ. ಸರ್ರನೆ ಹಿಂದಕ್ಕೆಳೆದು, ತಿರುಗಿಸಿ, ಇನ್ನರ್ಧ. ಕೈಗೆ ಬರುವುದು ಅಜ್ಜಿಯ ಕೂದಲಿನಂಥ ನಾರು. ಅವಳನ್ನು ಮೀರಿಸುವವರಿದ್ದರೆ ಬರಲಿ, ಪಂದ್ಯ!

ಅಂಥ ನಾರಿನ ನಟ್ಟನಡುವೆ ಮೂರು ವಾರದಿಂದ ಕಲೆ ಬೀಳುತ್ತಿತ್ತು. ಬೆಳಗ್ಗೆ ತೊಳೆದು ಒಣಹಾಕುವಾಗ ಬೆಳ್ಳಗೆ, ಸಂಜೆ ತೆಗೆಯುವಾಗ ನಡುವೆ ಕಪ್ಪು ಗೆರೆ. ನಾರಿನಿಂದ ಚೀಲ ಹೆಣೆಸುವ ಚೀಲದಮ್ಮ ಎರಡು ಸಲ ಎಲ್ಲವನ್ನೂ ವಾಪಸ್ ಕಳಿಸಿದ್ದಳು.

"ಶನಿವಾರ ಸಂಜೆ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಬೇರೆ ಕಡೆ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ."

ಅವಳನ್ನು ಬಿಟ್ಟರೆ ಕೊಳ್ಳುವವರು ಇನ್ನೊಬ್ಬರಿಲ್ಲ. ನಾರಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಅದೇ ತೋಟ, ಅದೇ ನೀರು, ಅದೇ ಮೆಷಿನ್ನು. ಮತ್ತೆ?

"ಕಲೆ ಎಲ್ಲಿದೆ ನೋಡೇ," ಅಂದರು ಅತ್ತೆ, ತಮ್ಮ ಮರದ ಕುರ್ಚಿಯಿಂದಲೇ. "ನೀನು ಹಿಡಿಯೋ ಜಾಗದಲ್ಲೇ. ನಿನ್ನ ಕೈದೇ ಅದು."

"ಎಂಟು ವರ್ಷ ಸುಮ್ನಿದ್ದ ಕೈಗೆ ಈಗೇನು ಬಂತು ಅತ್ತೆ?"

"ನನ್ನ ಮಂಡಿಗೂ ಐವತ್ತು ವರ್ಷ ಏನೂ ಆಗಿರ್ಲಿಲ್ಲ."

ನಿಂಬೆಹಣ್ಣು ತಿಕ್ಕಿದಳು. ಬಳೆ ಬಿಚ್ಚಿಟ್ಟಳು. ಕೊನೆಗೆ ಗ್ಲೌಸು ಹಾಕಿಕೊಂಡಳು. ಕಲೆ ಮಾತ್ರ ಬಿದ್ದೇ ಬಿತ್ತು.

"ಗ್ಲೌಸು ದಾಟಿ ಬಂತಾ! ಭಾರಿ ಕೈ ಕಣೇ," ಎಂದು ಗಂಡ ನಕ್ಕ. ಅವನದು ಬೇಲಿ ಕಟ್ಟುವ ಕೆಲಸ. ಒಣಹಾಕುವ ಹಗ್ಗ ಜೋತುಬೀಳುತ್ತದೆ ಎಂದು ಹೋದ ತಿಂಗಳು ತಾನೇ ಅಂಗಳದಲ್ಲಿ ಕಬ್ಬಿಣದ ತಂತಿ ಬಿಗಿದುಕೊಟ್ಟಿದ್ದ. ಯಾರೂ ಕೇಳದೆಯೇ ಅವನು ಮಾಡಿಕೊಟ್ಟ ಮೊದಲ ಉಪಕಾರ ಅದು. ನಾರಕ್ಕ ಅದನ್ನು ದಿನಾ ಒರೆಸುತ್ತಿದ್ದಳು.

ಶುಕ್ರವಾರ ತಂತಿ ತುಂಬಿಹೋಗಿ ಒಂದು ಕಂತೆ ಉಳಿಯಿತು. ಅತ್ತೆ ಅಡುಗೆಮನೆಯಲ್ಲಿದ್ದಾಗ ಅವರ ಕುರ್ಚಿಯ ಬೆನ್ನಿಗೆ ಹಾಕಿದಳು. ಸಂಜೆ ನೋಡಿದರೆ ತಂತಿಯ ಮೇಲಿನದಕ್ಕೆಲ್ಲ ಕಲೆ, ಕುರ್ಚಿಯ ಮೇಲಿನದು ಹಾಲಿನ ಹಾಗೆ. ಅದೇ ಕೈ! ಕುರ್ಚಿಗೇನು ಮಂತ್ರ ಬರುತ್ತದೆಯೇ? ಕಂತೆಗಳನ್ನು ಒಂದೊಂದಾಗಿ ಸರಿಸಿದಳು. ನಾರಿನ ನಡು ಕೂತ ಕಡೆಯೆಲ್ಲ ತಂತಿಯೂ ಕಪ್ಪಾಗಿತ್ತು, ಥೇಟ್ ದಿಂಡು ಕೊಯ್ದು ಸೊನೆ ಹತ್ತಿದ ಕತ್ತಿಯ ಹಾಗೆ.

"ರೀ... ಇದು ನಿಮ್ಮ ತಂತಿದು ಅನ್ಸುತ್ತೆ."

"ಮೆಷಿನ್ನಿನ ಅಲಗೂ ಕಬ್ಬಿಣಾನೇ ತಾನೇ? ಅದು ಯಾಕೆ ಸುಮ್ನಿದೆ?"

ಅದೂ ಸರಿಯೇ.

"ಮೆಷಿನ್ನಲ್ಲಿ ಸರ್ ಅಂತ ಬಂದು ಹೋಗುತ್ತೆ," ಅಂದರು ಅತ್ತೆ. "ಇಲ್ಲಿ ಒದ್ದೆ ನಾರು ಇಡೀ ದಿನ ತಂತಿ ಮೇಲೆ ಮಲಗಿರುತ್ತಲ್ಲೋ."

ಅವನು ಇಕ್ಕಳ ತಂದು ತಂತಿ ಬಿಚ್ಚಿದ. "ಒಂದ್ಸಲ ಒಳ್ಳೇದು ಮಾಡೋಕೆ ಹೋದೆ ನೋಡು," ಎಂದು ಗೊಣಗುತ್ತ ಸುರುಳಿ ಸುತ್ತಿದ.

ಹಳೇ ಹಗ್ಗ ಎಲ್ಲೆಂದು ಯಾರಿಗೂ ನೆನಪಿರಲಿಲ್ಲ. ಶನಿವಾರ ಹೊತ್ತು ಮೂಡುವ ಮೊದಲೇ ನಾರು ತೆಗೆದು, ಮನೆಯ ಕುರ್ಚಿಗಳನ್ನೆಲ್ಲ ಅಂಗಳಕ್ಕೆ ತಂದು, ಒಂದೊಂದರ ಬೆನ್ನಿಗೂ ಒಂದು ಕಂತೆ ಹಾಕಿದಳು. ಆರು ಮುದುಕಿಯರು ತಲೆಗೂದಲು ಹರಡಿಕೊಂಡು ಕೂತ ಹಾಗಿತ್ತು.

ಸಂಜೆ ಚೀಲದಮ್ಮ ಒಂದೊಂದನ್ನೂ ಎತ್ತಿ, ನಡುವನ್ನು ಬಿಡಿಸಿ, ಬೆಳಕಿಗೆ ಹಿಡಿದಳು. ನಾರಕ್ಕ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು.

"ಇದು ನಾರು! ಏನು ಮಾಡ್ದೆ?"

"ಕುರ್ಚಿ ಮೇಲೆ ಹಾಕ್ದೆ ಅಷ್ಟೆ. ನಂಗೂ ಪೂರ್ತಿ ಅರ್ಥ ಆಗಿಲ್ಲ ಅಮ್ಮ."

"ಅರ್ಥ ಆಮೇಲೆ ಮಾಡ್ಕೊಳ್ಳಿ," ಬಾಗಿಲಿನಿಂದ ಅತ್ತೆಯ ದನಿ ಬಂತು. "ಮೊದ್ಲು ಆರನ್ನೂ ತಗೊಂಡು ಹೋಗಮ್ಮಾ ತಾಯಿ. ಬೆಳಗ್ಗಿಂದ ನಿಂತೇ ಇದೀನಿ!"