ಸೀರೆ ಕೊಡಿಸುತ್ತೇನೆಂದು ಕರೆದೊಯ್ದ ಶನಿವಾರ

ಹೋದ ವರ್ಷ ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ನಡೆದದ್ದು ಇದು. ಆಗ ನನಗೆ ಎಪ್ಪತ್ತೆರಡು ತುಂಬಿತ್ತು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ತಾಳಗುಂದದ ಸುತ್ತಮುತ್ತ ನನ್ನ ಕೈಯಲ್ಲಿ ಬೇಸ್ತು ಬೀಳದವರು ಯಾರಾದರೂ ಇದ್ದರೆ ಅವರಿನ್ನೂ ಹುಟ್ಟಿಲ್ಲ. ಬಂದಳಿಕೆಯ ಹಳೇ ಗುಡಿಗಳ ಹತ್ತಿರ ಸಿನಿಮಾ ಶೂಟಿಂಗ್ ಇದೆ, ದಪ್ಪ ಮೀಸೆಯವರು ಬೇಕಂತೆ ಅಂತ ನಾನು ಹೇಳಿದ್ದನ್ನು ನಂಬಿ ನನ್ನ ಭಾವಮೈದ ಮೀಸೆಗೆ ಎಣ್ಣೆ ಹಚ್ಚಿಕೊಂಡು ಸಂಜೆಯವರೆಗೂ ಬಿಸಿಲಲ್ಲಿ ನಿಂತಿದ್ದ. ಈಗಲೂ ನನ್ನನ್ನು ಕಂಡರೆ ಮೀಸೆ ಮುಟ್ಟಿಕೊಳ್ಳುತ್ತಾನೆ.

ಅವನ ಅಕ್ಕ, ಅಂದರೆ ನನ್ನ ಹೆಂಡತಿ ಶಾಂತಮ್ಮ, ಸೊರಬ ತಾಲೂಕಿನ ಜಡೆಯವಳು. ಮಾತು ಕಡಿಮೆ. ಊಟವಾದ ಮೇಲೆ ಅವಳಿಗೆ ತೇಗು ಜಾಸ್ತಿ. ಒಮ್ಮೆ ಜಡೆಯಲ್ಲಿ ಮದುವೆ ಊಟದ ಪಂಕ್ತಿಯಲ್ಲಿ ಅವಳು ಗಟ್ಟಿಯಾಗಿ ತೇಗಿದಾಗ ನಾನು ಬಿಡುತ್ತೇನೆಯೇ?

"ನಮ್ಮನೇಲಿ ಸಿಲಿಂಡರ್ ಬುಕ್ ಮಾಡೋದೇ ಇಲ್ಲ ಕಣ್ರೋ. ಗ್ಯಾಸ್ ಏಜೆನ್ಸಿನೇ ಕಟ್ಕಂಡೀನಿ" ಅಂದೆ. ಪಂಕ್ತಿಯೇ ಬಿದ್ದುಬಿದ್ದು ನಕ್ಕಿತು. ಅವಳೂ ಎಲೆ ನೋಡುತ್ತಾ ನಕ್ಕಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರೇ ಗ್ಯಾಸ್ ಏಜೆನ್ಸಿ ಆಯಿತು. ಮೊಮ್ಮಕ್ಕಳೂ ಹಾಗೇ ಕರೆಯುತ್ತಿದ್ದವು.

ಮೆಕ್ಕೆಜೋಳದ ಕಾಲ ಅಂದೆನಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟಿ ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ತಿಂದೆ. ಪಂದ್ಯ ಗೆದ್ದೆ. ಮಾರನೇ ದಿನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನನಗೆ ಮುಳ್ಳು ಚುಚ್ಚಿದರೂ ಊರಿಗೆಲ್ಲ ಕೇಳಬೇಕು. ನನ್ನ ಗಲಾಟೆ ತಡೆಯಲಾರದೆ ಮಗ ಶಿಕಾರಿಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿಗೆ ಪ್ರತಿ ಶನಿವಾರ ಶಿವಮೊಗ್ಗದಿಂದ ಹೊಟ್ಟೆಯ ಡಾಕ್ಟರಮ್ಮ ಬರುತ್ತಿದ್ದರು. ಗಂಟಲಿನಿಂದ ಪೈಪು ಬಿಟ್ಟು ನೋಡಿದರು. ಹೊಟ್ಟೆಯ ಒಳಗೋಡೆ ಅಲ್ಲಲ್ಲಿ ಕೆಂಪಾಗಿತ್ತು. ಅದರಲ್ಲಿ ಒಂದು ರೋಗಾಣು ಇದೆ ಅಂದರು.

"ಹೊಟ್ಟೆಯ ಆಸಿಡ್‌ನಲ್ಲಿ ಸಾಮಾನ್ಯವಾಗಿ ರೋಗಾಣು ಬದುಕಲ್ಲ ಯಜಮಾನ್ರೇ. ಇದು ಮಾತ್ರ ತನ್ನ ಸುತ್ತ ಆಸಿಡ್ಡನ್ನು ಸಪ್ಪೆ ಮಾಡ್ಕೊಳ್ಳುತ್ತೆ. ಗೋಡೆ ಮೇಲಿನ ಲೋಳೆ ಕೊರ್ಕೊಂಡು ಹೋಗಿ ಅಲ್ಲಿನ ಜೀವಕೋಶಗಳಿಗೆ ಅಂಟ್ಕೊಂಡ್ಬಿಡುತ್ತೆ."

"ಬಾಡಿಗೆ ಕೊಡದೆ ಮನೆ ಸೇರ್ಕಂಡಂಗೆ ಅನ್ನಿ."

"ಹ್ಞೂಂ. ಅದು ಚುಚ್ಚಿದಾಗ ಜೀವಕೋಶಗಳು ಕೂಗ್ಕೊಳ್ತಾವೆ. ದೇಹದ ಪೊಲೀಸರು ಓಡಿ ಬರ್ತಾರೆ. ಕಳ್ಳ ಲೋಳೆಯೊಳಗೆ ಆರಾಮಾಗಿರ್ತಾನೆ, ಏಟು ಬೀಳೋದು ಮನೆಯವ್ರಿಗೆ. ವರ್ಷಗಟ್ಟಲೆ ಹಿಂಗೇ ನಡೀತಾ ಇರುತ್ತೆ. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ."

ನಾನು ಗಹಗಹಿಸಿ ನಕ್ಕೆ. ಎರಡು ವಾರದ ಮಾತ್ರೆ ಕೊಟ್ಟು, "ಮನೇಲಿ ಬೇರೆ ಯಾರಿಗಾದ್ರೂ ಹೊಟ್ಟೆ ಉರಿ, ತೂಕ ಇಳಿಯೋದು ಇದ್ರೆ ಕರ್ಕೊಂಡು ಬನ್ನಿ" ಅಂದರು.

ಮನೆಗೆ ಬಂದವನೇ ಜಗಲಿಯಲ್ಲಿ ನಿಂತು ಕಳ್ಳನದೂ ಪೊಲೀಸರದೂ ಆಟವನ್ನು ಅಭಿನಯಿಸಿ ತೋರಿಸಿದೆ. "ನನ್ನ ಹೊಟ್ಟೇಲಿ ನನಗಿಂತ ದೊಡ್ಡ ಕಿಲಾಡಿ ಸೇರ್ಕಂಡಾನೆ" ಅಂದೆ. ಎಲ್ಲರೂ ನಕ್ಕರು, ಸೊಸೆ ಸವಿತಾ ಒಬ್ಬಳನ್ನು ಬಿಟ್ಟು. ಆಮೇಲೆ ನಾನು ಕೈಕಾಲು ತೊಳೆಯುತ್ತಿದ್ದಾಗ ಅವಳು ಹತ್ತಿರ ಬಂದಳು.

"ಮಾವ, ಅತ್ತೇನೂ ಒಂದ್ಸಲ ತೋರ್ಸಿ."

"ಅವಳಿಗೇನಾಗೈತೆ? ತೇಗೂ ಈಗ ಬರಲ್ಲ."

"ಬರುತ್ತೆ. ನಿಮ್ಮೆದುರು ತೇಗಲ್ಲ ಅಷ್ಟೇ. ಊಟ ಆದ ತಕ್ಷಣ ಹಿತ್ಲಿಗೆ ಹೋಗಿ ಎದೆ ನೀವ್ಕೊಂಡು ಕೂತಿರ್ತಾರೆ. ರವಿಕೆ ಎರಡ್ಸಲ ಒಳಗೆ ಹಿಡಿದು ಹೊಲ್ಕೊಟ್ಟೀನಿ."

ಕೈಯಲ್ಲಿದ್ದ ಚೊಂಬು ಕೆಳಗಿಟ್ಟೆ. ಊಟವಾದ ಮೇಲೆ ಅವಳು ಹಿತ್ತಲಿಗೆ ಹೋಗುವುದನ್ನು ನಾನೂ ನೋಡಿದ್ದೆ. ಪಾತ್ರೆ ತೊಳೆಯಲು ಅಂದುಕೊಂಡಿದ್ದೆ. ಇನ್ನೊಂದು ವಿಷಯವೂ ಆಗ ತಲೆಗೆ ಹೊಕ್ಕಿತು. ನಾನು ಉಂಡ ತಟ್ಟೆಯಲ್ಲೇ ಉಣ್ಣುವುದು ಅವಳ ರೂಢಿ. ಮದುವೆಯಾದಾಗಿನಿಂದ ಹಾಗೇ. ಬೇಡ ಅಂತ ನಾನೂ ಯಾವತ್ತೂ ಹೇಳಿದವನಲ್ಲ.

ಆಸ್ಪತ್ರೆಗೆ ಅಂತ ಕರೆದರೆ ಬರುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. "ಈ ಶನಿವಾರ ಉಪವಾಸ ಇದ್ದು ಶಿಕಾರಿಪುರದ ಹುಚ್ಚೂರಾಯನ ಗುಡಿಗೆ ಹೋಗಾಣ. ನನ್ನ ಹೊಟ್ಟೆ ವಾಸಿ ಆದ್ರೆ ಬರ್ತೀವಿ ಅಂದಿದ್ದೆ. ಹಂಗೇ ನಿಂಗೊಂದು ಸೀರೆ" ಅಂದೆ. ಪೈಪು ಬಿಡಬೇಕಾದರೆ ಹೊಟ್ಟೆ ಖಾಲಿ ಇರಬೇಕಲ್ಲ! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅವಳು ನೀರೂ ಮುಟ್ಟದೆ, ಹೂ ಮುಡಿದು ಹೊರಟಳು. ಬಸ್ಸಿನಲ್ಲಿ, "ನೀಲಿ ಬಣ್ಣದ್ದು ಸಿಕ್ರೆ ನೋಡಾಣ" ಅಂದಳು. ಬಸ್ ಸ್ಟ್ಯಾಂಡಿನಿಂದ ಸೀದಾ ಕ್ಲಿನಿಕ್ಕಿಗೆ ಕರೆದೊಯ್ದೆ. ಒಳಗೆ ಬೆಂಚಿನ ಮೇಲೆ ಕೂತ ಮೇಲೂ, ನನ್ನ ಮಾತ್ರೆ ತೆಗೆದುಕೊಳ್ಳಲು ಬಂದಿದ್ದೇವೆ ಅಂದುಕೊಂಡಿದ್ದಳು.

ನರ್ಸು "ಶಾಂತಮ್ಮ ಯಾರು?" ಅಂತ ಕೂಗಿದಾಗ ನನ್ನ ಮುಖ ನೋಡಿದಳು.

"ಇಲ್ಲೂ ತಮಾಷಿನಾ ನಿಮ್ದು?"

"ಹಂಗಲ್ಲ ಕಣೇ, ಹೇಳಿದ್ರೆ ನೀನು ಬರ್ತಿರ್ಲಿಲ್ಲ…"

"ಹೊಟ್ಟೆ ಉರಿಯುತ್ತಾ ಅಂತ ಯಾವತ್ತಾದ್ರೂ ಕೇಳಿದ್ರಾ? ಒಂದ್ಸಲ ನೆಟ್ಟಗೆ ಕೇಳಿದ್ರೆ ಬರ್ತಿದ್ದೆ ಅಲ್ದಾ?"

ಅಷ್ಟೇ ಅಂದು, ಮುಡಿದ ಹೂ ತೆಗೆದು ನನ್ನ ಕೈಗಿಟ್ಟು ಒಳಗೆ ಹೋದಳು. ಅವಳು ಹೊರಗೆ ಬರುವವರೆಗೂ ಆ ಹೂ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದೆ.

ಹೊಟ್ಟೆಯ ಗೋಡೆಯಿಂದ ಚೂರು ಚಿವುಟಿ ತೆಗೆದು ಶಿವಮೊಗ್ಗಕ್ಕೆ ಪರೀಕ್ಷೆಗೆ ಕಳಿಸಿದರು. "ಒಳಗೆ ಬಣ್ಣ ಬೇರೆ ಥರ ಕಾಣ್ತಿದೆ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು" ಅಂದರು ಡಾಕ್ಟರಮ್ಮ. ಮುಂದಿನ ಶನಿವಾರದವರೆಗೆ ಅವಳು ಎಂದಿನಂತೆ ರೊಟ್ಟಿ ತಟ್ಟಿದಳು, ಜೋಳ ಹರವಿದಳು. ನಾನು ಮಾತ್ರ ಮೂಲೆ ಹಿಡಿದು ಕೂತೆ. ಗೆಳೆಯರು ಬಂದು ಮಾತಾಡಿಸಿದರೆ, ಇದೂ ಏನೋ ಹೊಸ ಆಟವೇ ಇರಬೇಕು ಅಂತ ಅವರಿಗೆ ಅನುಮಾನ.

ವರದಿ ಬಂತು. ಕ್ಯಾನ್ಸರ್ ಅಲ್ಲ. ಆದರೆ ಡಾಕ್ಟರಮ್ಮನ ಮುಖದಲ್ಲಿ ನಗು ಇರಲಿಲ್ಲ.

"ಅದೇ ರೋಗಾಣು. ತುಂಬಾ ವರ್ಷದಿಂದ ಇದೆ. ಏಟು ತಿಂದೂ ತಿಂದೂ ಹೊಟ್ಟೆಯ ಜೀವಕೋಶಗಳು ಸವೆದು, ಅವುಗಳ ಜಾಗದಲ್ಲಿ ಕರುಳಿನ ಥರದವು ಬೆಳೆದಿದಾವೆ."

"ಭತ್ತದ ಗದ್ದೆ ಮೆಕ್ಕೆಜೋಳದ ಹೊಲ ಆದಂಗೆ" ಅಂದೆ.

"ಸರಿಯಾಗಿ ಹೇಳಿದ್ರಿ. ಮಾತ್ರೆಯಿಂದ ರೋಗಾಣು ಹೋಗುತ್ತೆ. ಹೊಲ ತಿರುಗಿ ಗದ್ದೆ ಆಗೋದು ಕಷ್ಟ. ಮುಂದೆ ಕೆಡದ ಹಾಗೆ ಆಗಾಗ ಪೈಪು ಹಾಕಿ ನೋಡ್ತಾ ಇರ್ಬೇಕು. ಮೊದ್ಲೇ ಬಂದಿದ್ರೆ ನಿಮ್ಮ ಥರಾನೇ ಬರೀ ಕೆಂಪಾಗಿ ಇರ್ತಿತ್ತೇನೋ."

"ನನ್ನ ಎಂಜಲು ತಟ್ಟೆಯಿಂದ ಬಂತಾ ಮೇಡಂ?"

"ಹೇಳಕ್ಕಾಗಲ್ಲ. ಹೆಚ್ಚಾಗಿ ಇದು ಚಿಕ್ಕಂದಿನಲ್ಲೇ ಬರುತ್ತೆ. ನಿಮ್ಮಿಂದ ಅವ್ರಿಗೋ, ಅವ್ರಿಂದ ನಿಮಗೋ, ಯಾರಿಗೆ ಗೊತ್ತು?"

"ಈಗ ಅದನ್ನ ಕಟ್ಕೊಂಡು ಏನಾಗ್ಬೇಕು? ಮಾತ್ರೆ ಬರ್ಕೊಡಿ ಮೇಡಂ" ಅಂದಳು ಶಾಂತಮ್ಮ.

ಬರುವಾಗ ನೀಲಿ ಸೀರೆ ಕೊಡಿಸಿದೆ. ಬೇಡ ಅನ್ನಲಿಲ್ಲ, ಬಿಡಿಸಿಯೂ ನೋಡಲಿಲ್ಲ.

ಇಬ್ಬರೂ ಮಾತ್ರೆ ಮುಗಿಸಿದ್ದೇವೆ. ಮತ್ತೆ ಪರೀಕ್ಷೆ ಮಾಡಿದಾಗ ಇಬ್ಬರಲ್ಲೂ ರೋಗಾಣು ಇರಲಿಲ್ಲ. ಈಗ ನನ್ನ ತಟ್ಟೆ ನಾನೇ ತೊಳೆದಿಡುತ್ತೇನೆ. "ಗ್ಯಾಸ್ ಏಜೆನ್ಸಿ" ಅನ್ನಬಾರದು ಅಂತ ಮೊಮ್ಮಕ್ಕಳಿಗೆ ಗದರಿದ್ದೇನೆ. ಆದರೆ ಅವಳ ಹೊಟ್ಟೆಯೊಳಗೆ ಬೆಳೆ ಬದಲಾಗಿರುವ ಆ ಜಾಗ ಹಾಗೇ ಇದೆ. ಪೈಪಿನ ದಿನ ಹತ್ತಿರ ಬಂದಾಗಲೆಲ್ಲ ನನಗೆ ಅನ್ನ ಸೇರುವುದಿಲ್ಲ.

ಮೊನ್ನೆ ಸಂಜೆ ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ಅವಳಿಗೆ ತಡೆಯಲಾಗದೆ ತೇಗು ಬಂತು, ಗಟ್ಟಿಯಾಗಿಯೇ. ಎಲ್ಲರ ಕಣ್ಣೂ ನನ್ನ ಮೇಲೆ. ಅವಳು ಆಗಲೇ ಹಿತ್ತಲಿಗೆ ಹೋಗಲು ಎದ್ದಿದ್ದಳು.

"ಶಾಂತಾ, ಹೊಟ್ಟೆ ಉರಿತೈತಾ?" ಅಂದೆ.

ಅವಳು ನಿಂತಳು. ನನ್ನ ಮುಖವನ್ನೇ ನೋಡಿದಳು. ತುಟಿಯ ಅಂಚಿನಲ್ಲಿ ಎಲ್ಲಾದರೂ ನಗು ಬಚ್ಚಿಟ್ಟಿದ್ದೇನೆಯೇ ಅಂತ ಹುಡುಕಿದಳು.

"ಈಗೇನು ಹೊಸ ಆಟ?" ಅಂದು ಒಳಗೆ ಹೋದಳು.

ಊರನ್ನೆಲ್ಲ ನಂಬಿಸಿದವನು ನಾನು. ಈ ಒಂದು ಮಾತನ್ನು ಮಾತ್ರ ಇನ್ನೂ ಅವಳಿಗೆ ನಂಬಿಸಲಾಗಿಲ್ಲ. ದಿನಾ ಕೇಳುತ್ತಿದ್ದೇನೆ.